ಮಂಡಿಯ ಅಸ್ಥಿರಜ್ಜು: ಶಸ್ತ್ರಚಿಕಿತ್ಸೆ ಮತ್ತು ಅನಂತರದ ಒಂದು ವರ್ಷ

ಕಾಯಕಕ್ಕೆ ಮೊದಲ ಸಾಧನ ಕಾಯವೇ. ಶರಣಧರ್ಮವು ದೇಹವನ್ನು ಹೇಯವೆಂದು ತಳ್ಳದೆ ಪ್ರಸಾದಕಾಯವೆಂದು ಗೌರವಿಸಿದೆ. ಆದ್ದರಿಂದ ಅದರ ಒಂದೊಂದು ಕೀಲಿನ ರಚನೆಯನ್ನು ಅರಿತುಕೊಳ್ಳುವುದೂ ಅದರ ಆರೈಕೆಯ ಭಾಗವೇ ಆಗುತ್ತದೆ. ಮಂಡಿಯ ಬೇನೆ ಎಂದೊಡನೆ ವಯಸ್ಸಾದವರ ಮೂಳೆಸವೆತವೇ ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ಹದಿನೆಂಟರಿಂದ ಮೂವತ್ತರೊಳಗಿನ ಗಟ್ಟಿಮುಟ್ಟಾದ ಯುವಕ ಯುವತಿಯರನ್ನು ಒಂದೇ ಕ್ಷಣದಲ್ಲಿ ಕೂರಿಸಿಬಿಡುವ ಮತ್ತೊಂದು ತೊಂದರೆಯಿದೆ. ಪ್ರಸಾದನಿಲಯದ ಅಂಗಳದಲ್ಲಿ ಕಬಡ್ಡಿ ಆಡುವ ವಿದ್ಯಾರ್ಥಿ, ಗರಡಿಮನೆಯ ಪೈಲ್ವಾನ, ಖೋ ಖೋ ಆಡುವ ಹೆಣ್ಣುಮಗಳು, ಜಾತ್ರೆಯಲ್ಲಿ ವೀರಗಾಸೆ ಕುಣಿಯುವ ಕಲಾವಿದ, ಬೈಕಿನಿಂದ ಬೀಳುವಾಗ ಕಾಲೂರಿದ ಸವಾರ, ಇವರೆಲ್ಲರೂ ವೈದ್ಯರಿಂದ ಕೇಳಿಬರುವ ಮಾತು ಒಂದೇ: "ಲಿಗಮೆಂಟ್ ಹರಿದಿದೆ." ಈ ಮಾತಿನ ಅರ್ಥವೇನು, ಶಸ್ತ್ರಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ, ಮಾಡಿಸಿಕೊಂಡರೆ ಮುಂದಿನ ಒಂದು ವರ್ಷವನ್ನು ಹೇಗೆ ಕಳೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೀಲಿನ ಒಳಗಿನ ಹಗ್ಗ

ತೊಡೆಯ ಮೂಳೆಯೂ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯೂ ಸೇರುವ ಸ್ಥಳವೇ ಮಂಡಿ. ಮುಂದೆ ಚಿಪ್ಪಿನ ರಕ್ಷಣೆಯಿದೆ. ಈ ಎರಡು ಮೂಳೆಗಳ ತುದಿಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಸೊಂಟದ ಕೀಲಿನಲ್ಲಿರುವಂತೆ ಒಂದು ಗುಂಡು ಮತ್ತೊಂದು ಬಟ್ಟಲಿನೊಳಗೆ ಕೂರುವ ವ್ಯವಸ್ಥೆ ಇಲ್ಲಿಲ್ಲ. ದುಂಡಾದ ತುದಿಯೊಂದು ಬಹುಪಾಲು ಸಮತಟ್ಟಾದ ಪೀಠದ ಮೇಲೆ ನಿಂತಿರುತ್ತದೆ. ಅದು ಜಾರಿಹೋಗದಂತೆ ಹಿಡಿದಿರುವುದು ಅಸ್ಥಿರಜ್ಜುಗಳು, ಅಂದರೆ ಮೂಳೆಯನ್ನು ಮೂಳೆಗೆ ಬಿಗಿಯುವ ನಾರಿನ ಹಗ್ಗಗಳು. ಒಳಪಕ್ಕಕ್ಕೊಂದು, ಹೊರಪಕ್ಕಕ್ಕೊಂದು, ಕೀಲಿನ ಮಧ್ಯದಲ್ಲಿ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ಅಡ್ಡಹಾಯುವ ಎರಡು, ಹೀಗೆ ಮುಖ್ಯವಾದವು ನಾಲ್ಕು. ಮಧ್ಯದ ಎರಡರಲ್ಲಿ ಮುಂದಿನದಕ್ಕೆ ವೈದ್ಯರು ಎಸಿಎಲ್ ಎನ್ನುತ್ತಾರೆ. ಅದು ಸುಮಾರು ೩ ಸೆಂಟಿಮೀಟರ್ ಉದ್ದವಿದ್ದು, ಕಿರುಬೆರಳಿನಷ್ಟು ದಪ್ಪವಿರುತ್ತದೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆಯೂ ಅತಿಯಾಗಿ ತಿರುಚದಂತೆಯೂ ತಡೆಯುವುದು ಅದರ ಕೆಲಸ. ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಅವಕ್ಕೆ ಮೆನಿಸ್ಕಸ್ ಎಂದು ಹೆಸರು. ಹಗ್ಗ ಹರಿದ ಮಂಡಿಯಲ್ಲಿ ಈ ಮೆತ್ತೆಗಳ ಗತಿಯೇನು ಎಂಬುದೇ ಮುಂದಿನ ಬಹಳಷ್ಟು ನಿರ್ಧಾರಗಳಿಗೆ ಆಧಾರವಾಗುತ್ತದೆ.

ಮತ್ತೊಬ್ಬರು ಬಂದು ಗುದ್ದಿದಾಗಲೇ ಹಗ್ಗ ಹರಿಯುತ್ತದೆಂಬುದು ಸಾಮಾನ್ಯ ತಿಳುವಳಿಕೆ. ವಾಸ್ತವದಲ್ಲಿ ಹೆಚ್ಚಿನ ಪ್ರಕರಣಗಳಲ್ಲಿ ಯಾರೂ ಮುಟ್ಟಿರುವುದೇ ಇಲ್ಲ. ಓಡುತ್ತಿದ್ದವರು ಥಟ್ಟನೆ ನಿಂತು ದಿಕ್ಕು ಬದಲಿಸುತ್ತಾರೆ, ಅಥವಾ ಹಾರಿದವರು ಮಂಡಿಯನ್ನು ಬಗ್ಗಿಸದೆ ಒಂದೇ ಕಾಲಿನ ಮೇಲೆ ಇಳಿಯುತ್ತಾರೆ. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಮೈ ತಿರುಗುತ್ತದೆ, ನಡುವಿನ ಮಂಡಿ ಒಳಕ್ಕೆ ಕುಸಿಯುತ್ತದೆ. ಒಳಗೆ "ಟಪ್" ಎಂದು ಏನೋ ಕಡಿದಂತಾಯಿತೆಂದು ಅನೇಕರು ವರ್ಣಿಸುತ್ತಾರೆ. ಒಂದೆರಡು ಗಂಟೆಗಳಲ್ಲಿಯೇ ಮಂಡಿ ಊದಿಕೊಂಡು ಗುಂಡಗಾಗುತ್ತದೆ. ಈ ವೇಗವೇ ಒಂದು ಮುಖ್ಯ ಸುಳಿವು. ಬೇಗ ಬಂದ ಊತವೆಂದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದರ್ಥ. ಮರುದಿನ ನಿಧಾನವಾಗಿ ಬರುವ ಊತಕ್ಕೆ ಬೇರೆ ಕಾರಣಗಳಿರಬಹುದು. ಒಂದೇ ಬಗೆಯ ಆಟವಾಡುವ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯದ ಸಂಭವ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. ಶಾಲೆಗಳ ದೈಹಿಕ ಶಿಕ್ಷಕರು ಇದನ್ನು ತಿಳಿದಿರಬೇಕು.

ಮೊದಲ ದಿನ ಮಾಡಬೇಕಾದುದು ಸರಳ. ಆಟವನ್ನು ಅಲ್ಲಿಗೇ ನಿಲ್ಲಿಸಬೇಕು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಡಬೇಕು, ಹಿತವಾದ ಬಿಗಿಯಲ್ಲಿ ಪಟ್ಟಿ ಸುತ್ತಿ ಕಾಲನ್ನು ಎತ್ತರದಲ್ಲಿ ಇರಿಸಬೇಕು. ಮಾಡಬಾರದುದನ್ನು ಹೇಳುವುದು ಇದಕ್ಕಿಂತ ಮುಖ್ಯ. ನಮ್ಮ ಹಳ್ಳಿಗಳಲ್ಲಿ ಇಂತಹ ಮಂಡಿಯನ್ನು ಮೊದಲು ನೋಡುವವರು ಕಟ್ಟು ಕಟ್ಟುವ ನಾಟಿ ವೈದ್ಯರು. ಅವರ ಅನುಭವದ ಬಗ್ಗೆ ಈ ಲೇಖಕನಿಗೆ ತಾತ್ಸಾರವಿಲ್ಲ. ಆದರೆ ರಕ್ತ ತುಂಬಿದ ಕೀಲನ್ನು ಬಿಸಿ ಎಣ್ಣೆ ಹಾಕಿ ತಿಕ್ಕುವುದರಿಂದ ಊತ ಹೆಚ್ಚುತ್ತದೆ. ಮಡಿಸಲಾಗದ ಅಥವಾ ಚಾಚಲಾಗದ ಮಂಡಿಯನ್ನು ಬಲವಂತವಾಗಿ ಎಳೆದರೆ ನಡುವೆ ಸಿಕ್ಕಿಕೊಂಡ ಮೆತ್ತೆ ಇನ್ನಷ್ಟು ಹರಿಯುತ್ತದೆ. ವಾರಗಟ್ಟಲೆ ಬಿದಿರುದಬ್ಬೆಯ ಕಟ್ಟಿನಲ್ಲಿರಿಸಿದ ಕಾಲಿನ ತೊಡೆ ಸೊರಗಿ ಮಂಡಿ ಪೆಡಸಾಗುತ್ತದೆ. ಪಾದ ತಣ್ಣಗಾಗಿದ್ದರೆ, ಸ್ಪರ್ಶಜ್ಞಾನ ತಪ್ಪಿದ್ದರೆ ಅದು ತುರ್ತು ಸ್ಥಿತಿ. ರಕ್ತನಾಳಕ್ಕೆ ಪೆಟ್ಟಾಗಿರಬಹುದಾದ್ದರಿಂದ ಒಂದು ಗಂಟೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಸೇರಬೇಕು.

ಊತ ಇಳಿದ ಎರಡು ಮೂರು ವಾರಗಳ ಮೇಲೆ ನೋವು ಕಡಿಮೆಯಾಗಿ ನಡೆಯಲು ಬರುತ್ತದೆ. ರೋಗಿಗಳು ದಾರಿ ತಪ್ಪುವುದು ಇಲ್ಲಿಯೇ. ವಾಸಿಯಾಯಿತೆಂದು ಬಗೆದು ಮರಳಿ ಅಂಕಣಕ್ಕಿಳಿಯುತ್ತಾರೆ, ಮಂಡಿ ಮತ್ತೆ "ಜಾರಿ"ಬಿಡುತ್ತದೆ. ಹೀಗೆ ಜಾರಿದಾಗಲೆಲ್ಲ ಒಳಗಿನ ಮೆತ್ತೆಗೂ ಮೃದ್ವಸ್ಥಿಗೂ ಹೊಸ ಪೆಟ್ಟು ಬೀಳುತ್ತದೆ. ಅನುಭವಿ ವೈದ್ಯರು ಕೈಯಿಂದಲೇ ಮಂಡಿಯನ್ನು ಪರೀಕ್ಷಿಸಿ ಹಗ್ಗದ ಸ್ಥಿತಿಯನ್ನು ತಿಳಿಯಬಲ್ಲರು. ಮಂಡಿಯನ್ನು ಸ್ವಲ್ಪವೇ ಬಗ್ಗಿಸಿ ಕೆಳಗಿನ ಮೂಳೆಯನ್ನು ಮುಂದಕ್ಕೆಳೆದು ನೋಡುವ ಲಾಕ್‌ಮನ್ ಪರೀಕ್ಷೆ ಇವುಗಳಲ್ಲಿ ಹೆಚ್ಚು ವಿಶ್ವಾಸಾರ್ಹ. ಎಕ್ಸ್-ರೇಯಲ್ಲಿ ಹಗ್ಗ ಕಾಣುವುದಿಲ್ಲ, ಆದರೂ ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಅದು ಬೇಕು. ಹಗ್ಗವನ್ನೂ ಮೆತ್ತೆಗಳನ್ನೂ ತೋರಿಸುವುದು ಎಂಆರ್‌ಐ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆ?

ಇಲ್ಲ. ಎಂಆರ್‌ಐ ವರದಿಯಲ್ಲಿ "ಪೂರ್ಣ ಹರಿದಿದೆ" ಎಂದು ಬರೆದಿದ್ದ ಮಾತ್ರಕ್ಕೆ ಮರುವಾರವೇ ದಾಖಲಾಗಬೇಕೆಂದಿಲ್ಲ. ಸ್ವೀಡನ್ನಿನಲ್ಲಿ ೧೨೧ ಮಂದಿ ಚಟುವಟಿಕೆಯುಳ್ಳ ಯುವಜನರ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧ. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ ವ್ಯಾಯಾಮ ಕೊಡಲಾಯಿತು. ೫೯ ಮಂದಿಯ ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ ಕೊಟ್ಟು, ಮಂಡಿ ಜಾರುತ್ತಲೇ ಇದ್ದರೆ ಮಾತ್ರ ಶಸ್ತ್ರಚಿಕಿತ್ಸೆ ಎಂದು ಗೊತ್ತುಪಡಿಸಲಾಯಿತು. ಎರಡು ವರ್ಷಗಳ ಕೊನೆಗೆ ರೋಗಿಗಳು ತಮ್ಮ ಮಂಡಿಯ ಬಗ್ಗೆ ಹೇಳಿಕೊಂಡ ಸ್ಥಿತಿಯಲ್ಲಿ ಎರಡೂ ಗುಂಪುಗಳಿಗೆ ಗಣನೀಯ ಅಂತರವಿರಲಿಲ್ಲ. ಎರಡನೆಯ ಗುಂಪಿನಲ್ಲಿ ಆವರೆಗೆ ೨೩ ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು, ಐದು ವರ್ಷಗಳ ಹೊತ್ತಿಗೆ ಆ ಸಂಖ್ಯೆ ೩೦ಕ್ಕೇರಿತು. ಅರ್ಧದಷ್ಟು ಜನ ಶಸ್ತ್ರಚಿಕಿತ್ಸೆಯಿಲ್ಲದೆಯೇ ನಿಭಾಯಿಸಿದರೆಂಬುದು ಈ ಲೆಕ್ಕದ ಒಂದು ಮುಖ. ಉಳಿದರ್ಧಕ್ಕೆ ಕೊನೆಗೂ ಅದು ಬೇಕಾಯಿತೆಂಬುದು ಮತ್ತೊಂದು ಮುಖ. ಎರಡನ್ನೂ ಒಟ್ಟಿಗೆ ಓದಬೇಕು.

ಹಾಗಾದರೆ ನಿರ್ಧರಿಸುವುದು ಹೇಗೆ? ವಯಸ್ಸಿಗಿಂತ ವ್ಯಕ್ತಿಯ ಕಾಯಕವನ್ನು ಮೊದಲು ಕೇಳಬೇಕು. ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವ, ಸಮತಟ್ಟಾದ ನೆಲದಲ್ಲಿ ನಡೆಯುವ ನಲವತ್ತೈದರ ಗೃಹಸ್ಥರಿಗೆ ಮೂರು ತಿಂಗಳ ಶಿಸ್ತಿನ ವ್ಯಾಯಾಮವೇ ಸಾಕಾಗಬಹುದು. ಅದೇ ವಯಸ್ಸಿನ ರೈತರು ಕಿರಿದಾದ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆಯಬೇಕಾದವರು. ಎರೆಮಣ್ಣಿನಲ್ಲಿ ಹೂತ ಪಾದ ತಿರುಗದೆ ಮಂಡಿಯಷ್ಟೇ ತಿರುಗುವ ಅಪಾಯ ಅವರಿಗೆ ನಿತ್ಯದ್ದು. ಕಬಡ್ಡಿ, ಕುಸ್ತಿ, ಫುಟ್‌ಬಾಲ್ ಮುಂತಾದ ತಿರುಗುವ ಆಟಗಳಿಗೆ ಮರಳಬಯಸುವ ತರುಣರಿಗೆ, ವೀರಗಾಸೆಯಂತೆ ಹಾರಿ ತಿರುಗಿ ಹೆಜ್ಜೆಯಿಡುವ ಕಲಾವಿದರಿಗೆ, ಮೆಟ್ಟಿಲಿಳಿಯುವಾಗಲೂ ಮಂಡಿ ಜಾರುವವರಿಗೆ ಸಾಮಾನ್ಯವಾಗಿ ಪುನಾರಚನೆಯನ್ನೇ ಸೂಚಿಸಲಾಗುತ್ತದೆ. ಹೊಲಿಯಲು ಬರುವಂತಹ ಮೆತ್ತೆಯ ಹರಿತವೂ ಜೊತೆಗಿದ್ದರೆ, ಅಥವಾ ಮಂಡಿ ಬೀಗ ಹಾಕಿದಂತೆ ಸಿಕ್ಕಿಕೊಂಡಿದ್ದರೆ, ತಡಮಾಡುವುದು ಸರಿಯಲ್ಲ. ಬೆಳೆಯುವ ವಯಸ್ಸಿನ ಮಕ್ಕಳ ವಿಷಯ ಬೇರೆಯೇ ಆಗಿದೆ. ಮೂಳೆ ಬೆಳೆಯುವ ಪದರಕ್ಕೆ ಹಾನಿಯಾಗದಂತೆ ಮಾಡಬೇಕಾದ್ದರಿಂದ ಆ ಅನುಭವವುಳ್ಳವರಲ್ಲಿಗೇ ಕಳುಹಿಸಬೇಕು.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶಸ್ತ್ರಚಿಕಿತ್ಸೆಯಾದರೆ ಮುಂದೆ ಮೂಳೆಸವೆತ ಬರುವುದಿಲ್ಲವೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಒಮ್ಮೆ ಹಗ್ಗ ಹರಿದ ಮಂಡಿಯಲ್ಲಿ, ಚಿಕಿತ್ಸೆ ಯಾವುದೇ ಇರಲಿ, ಸವೆತದ ಸಂಭವ ಸಹಜ ಮಂಡಿಗಿಂತ ಹೆಚ್ಚು. ಶಸ್ತ್ರಚಿಕಿತ್ಸೆ ಕೊಡುವುದು ಸ್ಥಿರತೆಯನ್ನು. ಆ ಸ್ಥಿರತೆಯಿಂದ ಮೆತ್ತೆಗಳು ಉಳಿದರೆ ಅದೇ ದೊಡ್ಡ ಲಾಭ.

ಹೊಸ ಹಗ್ಗವನ್ನು ಕಟ್ಟುವ ಬಗೆ

೧೮೯೫ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೊ ರಾಬ್ಸನ್ ಎಂಬ ಶಸ್ತ್ರವೈದ್ಯರು ಗಣಿ ಕಾರ್ಮಿಕನೊಬ್ಬನ ಹರಿದ ಹಗ್ಗಗಳನ್ನು ಹೊಲಿದರು. ದುಡಿದು ತಿನ್ನುವವನ ಮಂಡಿಯಿಂದಲೇ ಈ ಚಿಕಿತ್ಸೆಯ ಚರಿತ್ರೆ ಆರಂಭವಾಯಿತೆಂಬುದು ಗಮನಾರ್ಹ. ಆದರೆ ಹೊಲಿಗೆ ಸಾಮಾನ್ಯವಾಗಿ ನಿಲ್ಲುವುದಿಲ್ಲವೆಂದು ಮುಂದೆ ತಿಳಿದುಬಂತು. ಚರ್ಮದ ಗಾಯದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಮೇಲೆ ಹೊಸ ಅಂಗಾಂಶ ಬೆಳೆಯುತ್ತದೆ. ಕೀಲಿನೊಳಗಿನ ದ್ರವವು ಆ ಹೆಪ್ಪನ್ನು ನಿಲ್ಲಗೊಡುವುದಿಲ್ಲ. ಆದಕಾರಣ ಹರಿದ ತುದಿಗಳು ತಾವಾಗಿ ಕೂಡುವುದು ಅಪರೂಪ. ೧೯೧೭ರಲ್ಲಿ ಹೇ ಗ್ರೋವ್ಸ್ ಎಂಬವರು ತೊಡೆಯ ಹೊರಪಕ್ಕದ ಪಟ್ಟಿಯೊಂದನ್ನು ಮೂಳೆಯ ರಂಧ್ರಗಳ ಮೂಲಕ ಹಾಯಿಸಿ ಹೊಸ ಹಗ್ಗವನ್ನೇ ಕಟ್ಟಿದರು. ಇಂದಿಗೂ ಮೂಲತತ್ತ್ವ ಅದೇ. ಬದಲಾದದ್ದು ದಾರಿ. ಹಿಂದೆ ಮಂಡಿಯನ್ನು ಉದ್ದಕ್ಕೆ ಸೀಳಬೇಕಿತ್ತು. ಈಗ ಸುಮಾರು ೪ ಮಿಲಿಮೀಟರ್ ದಪ್ಪದ ದೂರ್ಬೀನನ್ನು ಸಣ್ಣ ರಂಧ್ರದಿಂದ ಒಳಗಿಳಿಸಿ, ಪರದೆಯ ಮೇಲೆ ನೋಡುತ್ತ ಕೆಲಸ ಮಾಡಲಾಗುತ್ತದೆ. ಇದೇ ಆರ್ತ್ರೊಸ್ಕೊಪಿ.

ಹೊಸ ಹಗ್ಗಕ್ಕೆ ಬೇಕಾದ ನಾರನ್ನು ಸಾಮಾನ್ಯವಾಗಿ ರೋಗಿಯ ಶರೀರದಿಂದಲೇ ಪಡೆಯುತ್ತಾರೆ. ತೊಡೆಯ ಹಿಂಭಾಗದ ಸ್ನಾಯುಗಳ ರಜ್ಜುಗಳನ್ನು ತೆಗೆದು ಮಡಿಸಿ ದಪ್ಪ ಮಾಡುವುದು ನಮ್ಮಲ್ಲಿ ಹೆಚ್ಚು ರೂಢಿಯಲ್ಲಿದೆ. ಚಿಪ್ಪಿನ ಕೆಳಗಿನ ರಜ್ಜುವನ್ನು ಎರಡೂ ತುದಿಯ ಮೂಳೆಯ ತುಣುಕಿನೊಡನೆ ತೆಗೆಯುವುದೂ ಉಂಟು. ಅದು ಮೂಳೆಯೊಡನೆ ಬೇಗ ಬೆಸೆಯುತ್ತದೆ, ಆದರೆ ಮಂಡಿಯೂರಿ ಕೂರುವಾಗ ಮುಂಭಾಗದ ನೋವು ಕಾಡಬಹುದು. ದಿನವೂ ನೆಲಕ್ಕೆ ಮಂಡಿಯೂರಿ ದುಡಿಯುವವರು, ಸಾಷ್ಟಾಂಗ ನಮಸ್ಕಾರ ಮಾಡುವವರು ಈ ಸಂಗತಿಯನ್ನು ಶಸ್ತ್ರವೈದ್ಯರಿಗೆ ಮೊದಲೇ ತಿಳಿಸುವುದೊಳ್ಳೆಯದು. ಬೆನ್ನಿಗೆ ಅರಿವಳಿಕೆ ಕೊಟ್ಟು, ತೊಡೆಮೂಳೆಯಲ್ಲಿಯೂ ಕೆಳಗಿನ ಮೂಳೆಯಲ್ಲಿಯೂ ಸುರಂಗ ಕೊರೆದು, ನಾರನ್ನು ಹಾಯಿಸಿ, ತಿರುಪು ಅಥವಾ ಗುಂಡಿಯಂಥ ಲೋಹದ ಬಿಲ್ಲೆಯಿಂದ ಬಿಗಿಯುತ್ತಾರೆ. ಇದಕ್ಕೆ ಸುಮಾರು ಒಂದರಿಂದ ಎರಡು ಗಂಟೆ ಬೇಕು. ಆಸ್ಪತ್ರೆವಾಸ ಸಾಮಾನ್ಯವಾಗಿ ಒಂದೆರಡು ದಿನ.

ಪೆಟ್ಟಾದ ಮಂಡಿಯ ಊತ ಇಳಿದು, ಕಾಲು ಪೂರ್ತಿ ನೆಟ್ಟಗಾಗಿ, ತೊಡೆಯ ಸ್ನಾಯು ಮರಳಿ ಮಾತು ಕೇಳುವಂತಾದ ಮೇಲೆಯೇ ಶಸ್ತ್ರಚಿಕಿತ್ಸೆಗೆ ಹೋಗುವುದು ಉತ್ತಮ. ಊದಿದ, ಪೆಡಸಾದ ಮಂಡಿಗೆ ಅವಸರದಲ್ಲಿ ಮಾಡಿದರೆ ಆ ಪೆಡಸು ಉಳಿದುಬಿಡುವ ಭಯವಿದೆ. ಆದುದರಿಂದ ಆ ಮೂರು ನಾಲ್ಕು ವಾರಗಳನ್ನು ಬರಿದೆ ಕಾಯುವ ಕಾಲವೆಂದು ತಿಳಿಯದೆ ಚಿಕಿತ್ಸೆಯ ಮೊದಲ ಹಂತವೆಂದು ತಿಳಿಯಬೇಕು. ವೆಚ್ಚದ ಬಗ್ಗೆಯೂ ಆಗಲೇ ವಿಚಾರಿಸಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಾಗಲಿ ವಿಮೆಯಲ್ಲಾಗಲಿ ಏನು ದೊರೆಯುತ್ತದೆ, ತಿರುಪು ಬಿಲ್ಲೆಗಳ ಬೆಲೆ ಅದರೊಳಗೆ ಸೇರಿದೆಯೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿ ದಾಖಲಾಗುವ ಮುನ್ನವೇ ತಿಳಿದುಕೊಳ್ಳಬೇಕು. ಫಿಸಿಯೊಥೆರಪಿಯ ಖರ್ಚನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಂದು ವರ್ಷದ ನೇಮ

ಶಸ್ತ್ರವೈದ್ಯರ ಪಾಲು ಎರಡು ಗಂಟೆ, ರೋಗಿಯ ಪಾಲು ಒಂದು ವರ್ಷ. ಮೊದಲ ಎರಡು ವಾರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಕಾಲನ್ನು ಪೂರ್ತಿ ನೆಟ್ಟಗೆ ಚಾಚುವುದು. ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬಿಡುತ್ತಾರೆ, ರೋಗಿಗೂ ಹಿತವೆನಿಸುತ್ತದೆ. ಇದು ಬೇಡವೇ ಬೇಡ. ಬಗ್ಗಿದ ಮಂಡಿ ಹಾಗೆಯೇ ನಿಂತುಬಿಟ್ಟರೆ ಆಜನ್ಮ ಕುಂಟುವಂತಾದೀತು. ದಿಂಬನ್ನು ಹಿಮ್ಮಡಿಯ ಕೆಳಗಿಟ್ಟು ಮಂಡಿ ತಾನಾಗಿ ಇಳಿಯುವಂತೆ ಬಿಡಬೇಕು. ತೊಡೆಯ ಸ್ನಾಯುವನ್ನು ಬಿಗಿದು ಐದೆಣಿಕೆ ಹಿಡಿದು ಸಡಿಲಿಸುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಮೆಲ್ಲನೆ ಎಳೆದು ಮಂಡಿ ಬಗ್ಗಿಸುವುದು, ಇವಿಷ್ಟನ್ನೂ ದಿನಕ್ಕೆ ಹಲವು ಬಾರಿ ಮಾಡಬೇಕು. ಎರಡು ವಾರಗಳಲ್ಲಿ ೯೦ ಡಿಗ್ರಿ, ಆರು ವಾರಗಳಲ್ಲಿ ಸುಮಾರು ೧೨೦ ಡಿಗ್ರಿ ಬಗ್ಗಿದರೆ ಸಮಾಧಾನಕರ. ಊರುಗೋಲಿನ ಆಧಾರದಲ್ಲಿ ಮೊದಲ ದಿನಗಳಿಂದಲೇ ಹೆಜ್ಜೆ ಇಡಿಸುತ್ತಾರೆ. ಮೆಟ್ಟಿಲೇರುವಾಗ ಗಟ್ಟಿ ಕಾಲು ಮುಂದು, ಇಳಿಯುವಾಗ ಪೆಟ್ಟಿನ ಕಾಲು ಮುಂದು ಎಂಬುದನ್ನು ನೆನಪಿಡಬೇಕು. ಮೆತ್ತೆಯನ್ನೂ ಹೊಲಿದಿದ್ದರೆ ಭಾರ ಹಾಕುವ, ಬಗ್ಗಿಸುವ ನಿಯಮಗಳು ಬೇರೆಯಾಗುತ್ತವೆ. ಆಗ ಪಕ್ಕದ ಹಾಸಿಗೆಯವರನ್ನು ಅನುಕರಿಸಬಾರದು.

ನಮ್ಮ ಜೀವನಕ್ರಮವೆಲ್ಲ ನೆಲದ ಮೇಲಿನದು. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದು, ಪದ್ಮಾಸನದಲ್ಲಿ ಇಷ್ಟಲಿಂಗ ಪೂಜೆ, ನೆಲಮಟ್ಟದ ಶೌಚಾಲಯ, ಇವೆಲ್ಲವೂ ಮಂಡಿಯನ್ನು ಪೂರ್ತಿ ಮಡಿಸಿ ತಿರುಚುವಂಥವು. ವಿದೇಶದ ಕೈಪಿಡಿಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ. ಮೊದಲ ಕೆಲವು ತಿಂಗಳು ಕುರ್ಚಿಯಂಥ ಕಮೋಡನ್ನೇ ಬಳಸಬೇಕು. ಊಟಕ್ಕೆ ಮೇಜು, ಪೂಜೆಗೆ ಬೆನ್ನು ನೇರವಾಗಿರುವ ಕುರ್ಚಿ ಇರಲಿ. ಕರಸ್ಥಲವೇ ಪೀಠವಾದ ಪೂಜೆಗೆ ಇದರಿಂದ ಅಡ್ಡಿಯಾಗದು. ಸಂದೇಹವಿದ್ದವರು ತಮ್ಮ ಗುರುಗಳನ್ನು ಕೇಳಿಕೊಳ್ಳಬಹುದು. ಚಕ್ಕಳಮಕ್ಕಳ ಹಾಕಿ ಕೂರುವುದು ಸಾಮಾನ್ಯವಾಗಿ ನಾಲ್ಕಾರು ತಿಂಗಳ ಮೇಲೆ, ಅದೂ ವೈದ್ಯರ ಒಪ್ಪಿಗೆಯಿಂದ. ಕುಕ್ಕುರುಗಾಲಿನಲ್ಲಿ ಕೂರಲು ಇನ್ನೂ ತಡವಾಗಬಹುದು. ಪ್ರಸಾದನಿಲಯಗಳಲ್ಲಿ ಇಂತಹ ವಿದ್ಯಾರ್ಥಿಗಳಿಗೆಂದು ಒಂದು ಬೆಂಚನ್ನು ಇಡಿಸಿದರೆ ಅವರು ಸಂಕೋಚದಿಂದ ನೆಲಕ್ಕೆ ಕೂರುವುದು ತಪ್ಪುತ್ತದೆ.

ಇನ್ನು ಎಲ್ಲರೂ ತಪ್ಪು ತಿಳಿಯುವ ವಿಷಯವೊಂದಿದೆ. ನಾಟಿ ಮಾಡಿದ ನಾರು ಶಸ್ತ್ರಚಿಕಿತ್ಸೆಯ ದಿನ ಗಟ್ಟಿಯಾಗಿಯೇ ಇರುತ್ತದೆ. ಅನಂತರ ಅದರ ಹಳೆಯ ಜೀವಕೋಶಗಳು ಸಾಯುತ್ತವೆ, ಸುತ್ತಲಿನಿಂದ ರಕ್ತನಾಳಗಳು ಮೆಲ್ಲನೆ ಒಳಹೊಕ್ಕು ಹೊಸ ಕೋಶಗಳು ನೆಲೆಸುತ್ತವೆ. ಈ ಸಂಧಿಕಾಲದಲ್ಲಿ, ಅಂದರೆ ಸುಮಾರು ಆರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ, ಆ ಹಗ್ಗ ಅತ್ಯಂತ ದುರ್ಬಲವಾಗಿರುತ್ತದೆ. ವಿಪರ್ಯಾಸವೆಂದರೆ ಅದೇ ಹೊತ್ತಿಗೆ ನೋವು ಹೋಗಿ, ಊತ ಇಳಿದು, ರೋಗಿಗೆ ತಾನು ಸಂಪೂರ್ಣ ಗುಣವಾದೆನೆಂಬ ಭಾವನೆ ಬಂದಿರುತ್ತದೆ. "ನೋವೇ ಇಲ್ಲ ಸರ್, ಊರ ಜಾತ್ರೆಯ ಪಂದ್ಯವೊಂದಿದೆ, ಆಡಲೇ?" ಎಂಬ ಪ್ರಶ್ನೆ ಬರುವುದು ಮೂರನೆಯ ತಿಂಗಳಿನಲ್ಲಿಯೇ. ನೋವಿಲ್ಲದಿರುವುದು ನಾರು ಬಲಿತದ್ದಕ್ಕೆ ಸಾಕ್ಷಿಯಲ್ಲ. ಅದು ನಿಜವಾದ ಅಸ್ಥಿರಜ್ಜುವಿನ ರೂಪ ತಾಳಲು ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಮೂರು ನಾಲ್ಕು ತಿಂಗಳಿನ ಹೊತ್ತಿಗೆ ನೇರ ದಾರಿಯಲ್ಲಿ ಮೆಲ್ಲಗೆ ಓಡಲು ಆರಂಭಿಸಬಹುದು. ಆರನೆಯ ತಿಂಗಳಿನಿಂದ ಹಾರುವ, ಇಳಿಯುವ, ದಿಕ್ಕು ಬದಲಿಸುವ ಅಭ್ಯಾಸಗಳು. ಎದುರಾಳಿಯಿರುವ ಆಟಕ್ಕೆ ಒಂಬತ್ತು ತಿಂಗಳಿಗೆ ಮೊದಲು ಇಳಿಯಬಾರದು. ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂಬತ್ತನೆಯ ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿದುದು ಕಂಡುಬಂತು. ತಿಂಗಳ ಎಣಿಕೆಯೊಂದೇ ಸಾಲದು. ಪೆಟ್ಟಿನ ಕಾಲಿನ ತೊಡೆಯ ಶಕ್ತಿ ಮತ್ತೊಂದು ಕಾಲಿನ ಶೇಕಡಾ ೯೦ರಷ್ಟಾದರೂ ಇರಬೇಕು, ಒಂಟಿಕಾಲಿನ ಜಿಗಿತದಲ್ಲಿಯೂ ಅದೇ ಅಳತೆ.

ವಿನೇಶ್ ಫೋಗಟ್ ಅವರ ಉದಾಹರಣೆಯನ್ನು ಯುವಕರು ಆಗಾಗ ಮುಂದಿಡುತ್ತಾರೆ. ೨೦೨೩ರ ಆಗಸ್ಟ್ ೧೩ರಂದು ಅಭ್ಯಾಸದಲ್ಲಿ ಎಡಮಂಡಿಗೆ ಪೆಟ್ಟಾಗಿ, ೧೭ರಂದು ಮುಂಬಯಿಯಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು, ಆ ವರ್ಷದ ಏಷ್ಯನ್ ಕ್ರೀಡಾಕೂಟ ತಪ್ಪಿತು. ೨೦೨೪ರ ಆಗಸ್ಟ್ ೬ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಮೂರು ಪಂದ್ಯ ಗೆದ್ದು ಫೈನಲ್ ತಲುಪಿದರು. ಮರುದಿನ ತೂಕದ ಕಾರಣಕ್ಕೆ ಅನರ್ಹಗೊಂಡದ್ದು ಬೇರೆ ಮಾತು. ಅವರು ಒಂಬತ್ತು ತಿಂಗಳಿಗೆ ಮೊದಲೇ ಕಣಕ್ಕಿಳಿದಿದ್ದರೆಂಬುದೂ ನಿಜವೇ. ಆದರೆ ಪುನಶ್ಚೇತನವನ್ನೇ ಇಡೀ ದಿನದ ಕಾಯಕವಾಗಿಸಿಕೊಂಡ ವೃತ್ತಿಪರ ಕುಸ್ತಿಪಟುವಿನ ಲೆಕ್ಕವನ್ನು, ವಾರಕ್ಕೊಮ್ಮೆ ಫಿಸಿಯೊಥೆರಪಿಗೆ ಹೋಗಿ ಉಳಿದ ದಿನ ಮರೆಯುವವರು ತಮಗೆ ಅನ್ವಯಿಸಿಕೊಳ್ಳಲಾಗದು.

ಸ್ನಾಯು ಬೆಳೆಯಲು ಆಹಾರದಲ್ಲಿ ಪ್ರೋಟೀನ್ ಬೇಕು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ೧.೨ ಗ್ರಾಂನಷ್ಟಾದರೂ, ಎಂದರೆ ೬೦ ಕಿಲೋ ತೂಕದವರಿಗೆ ೭೨ ಗ್ರಾಂ. ಸಸ್ಯಾಹಾರದಿಂದ ಇದು ಅಸಾಧ್ಯವೆಂದು ಕೆಲವರು ಹೆದರಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ೩೦೦ ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು ೩೦ ಗ್ರಾಂ, ೧೦೦ ಗ್ರಾಂ ಬೇಳೆ ಅಥವಾ ಹುರುಳಿಯಲ್ಲಿ ೨೨ ಗ್ರಾಂ, ಅರ್ಧ ಲೀಟರ್ ಹಾಲು ಮೊಸರಿನಲ್ಲಿ ೧೬ ಗ್ರಾಂ, ೫೦ ಗ್ರಾಂ ಶೇಂಗಾದಲ್ಲಿ ೧೨ ಗ್ರಾಂ. ಒಟ್ಟು ೮೦ ಗ್ರಾಂ ಆಯಿತು. ಕೊರತೆ ಇರುವುದು ಆಹಾರಪದ್ಧತಿಯಲ್ಲಲ್ಲ, ಬರೀ ಅನ್ನ ತಿಳಿಸಾರಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಅಭ್ಯಾಸದಲ್ಲಿ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಬೀಡಿ ಸಿಗರೇಟು ಸೇದುವವರಲ್ಲಿ ನಾಟಿ ಬೆಸೆಯುವುದು ಕುಂಠಿತವಾಗುತ್ತದೆ.

ಅಪಾಯಗಳು ಕಡಿಮೆ, ಆದರೆ ಇಲ್ಲದಿಲ್ಲ. ಕೀಲಿನೊಳಗೆ ಸೋಂಕು ತಗಲುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಗೆ. ಗಾಯದ ಪಕ್ಕದ ಚರ್ಮ ಜೋಮು ಹಿಡಿದಂತಿರುವುದು ಸಾಮಾನ್ಯ, ಅದಕ್ಕೆ ಗಾಬರಿ ಬೇಡ. ಚಳಿಜ್ವರ ಬಂದು ಮಂಡಿ ಕೆಂಪಗೆ ಬಿಸಿಯಾಗಿ ನೋವು ಹೆಚ್ಚುತ್ತಿದ್ದರೆ, ಮೀನಖಂಡ ಊದಿ ಒತ್ತಿದಾಗ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಏಕಾಏಕಿ ಉಸಿರು ಕಟ್ಟಿದಂತಾದರೆ ಅದು ಪ್ರಾಣಾಪಾಯದ ಸೂಚನೆ.

ತಡೆಗಟ್ಟುವಿಕೆಯ ವಿಷಯದಲ್ಲಿ ನಮ್ಮ ಶಾಲೆಗಳು ಹಣ ಖರ್ಚಿಲ್ಲದೆ ಮಾಡಬಹುದಾದುದು ಒಂದಿದೆ. ಫುಟ್‌ಬಾಲ್ ಆಟಗಾರರಿಗೆಂದು ಫಿಫಾ ರೂಪಿಸಿದ "೧೧ ಪ್ಲಸ್" ಎಂಬ ಸುಮಾರು ಇಪ್ಪತ್ತು ನಿಮಿಷಗಳ ಪೂರ್ವಾಭ್ಯಾಸವು ಆಟದ ಗಾಯಗಳನ್ನು ಗಣನೀಯವಾಗಿ ತಗ್ಗಿಸುತ್ತದೆಂದು ಸಿದ್ಧಪಟ್ಟಿದೆ. ನಿಧಾನದ ಓಟ, ಒಂಟಿಕಾಲಿನ ಸಮತೋಲ, ಅರ್ಧ ಬೈಠಕ್, ತೊಡೆಯ ಹಿಂಭಾಗದ ಬಲವರ್ಧನೆ, ಎರಡೂ ಮಂಡಿ ಬಗ್ಗಿಸಿ ಸದ್ದಿಲ್ಲದೆ ಇಳಿಯುವ ಜಿಗಿತ, ಇವೇ ಅದರ ಸಾರ. ಕಬಡ್ಡಿ, ಖೋ ಖೋ ಅಭ್ಯಾಸಕ್ಕೆ ಮೊದಲು ಇದನ್ನು ವಾರಕ್ಕೆ ಎರಡು ಮೂರು ಬಾರಿ ಮಾಡಿಸಬಹುದು. ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತಿದೆಯೇ, ಪಾದದ ಬೆರಳುಗಳ ನೇರಕ್ಕಿದೆಯೇ ಎಂಬುದನ್ನು ಶಿಕ್ಷಕರು ಎದುರಿಗೆ ನಿಂತು ನೋಡಿ ತಿದ್ದಬೇಕು. ಜಾತ್ರೆಗೆ ತಿಂಗಳಿರುವಾಗ ತಾಲೀಮು ಆರಂಭಿಸುವ ವೀರಗಾಸೆ, ನಂದಿಕೋಲು ತಂಡಗಳಿಗೂ ಇದೇ ಅಭ್ಯಾಸ ಹೊಂದುತ್ತದೆ.